ಮೂಡಲಬಾಗಿಲಿನಲ್ಲಿ ನಿಂತು ಭಯವನ್ನು ಅಳೆಯುವುದು

ಮುಳಬಾಗಿಲು ಎಂಬ ಹೆಸರು ಮೂಡಲಬಾಗಿಲು ಎಂಬುದರ ಸವೆದ ರೂಪ. ಕೋಲಾರ ಜಿಲ್ಲೆಯ ಈ ಊರನ್ನು ದಾಟಿ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋದರೆ ನಂಗಲಿ, ಅದರಾಚೆಗೆ ಆಂಧ್ರಪ್ರದೇಶದ ಪಲಮನೇರು. ಬಂಗಾರಪೇಟೆಯ ಕಡೆಯಿಂದ ತೆಂಕಣಕ್ಕೆ ಇಳಿದರೆ ತಮಿಳುನಾಡು. ಇಲ್ಲಿಯ ಅಂಗಡಿಯವರು ಗಿರಾಕಿಯ ಮುಖ ನೋಡಿಯೇ ಕನ್ನಡವೋ, ತೆಲುಗೋ, ತಮಿಳೋ, ಉರ್ದುವೋ ಎಂದು ಅಂದಾಜು ಮಾಡಿ ಮಾತು ಶುರು ಮಾಡುತ್ತಾರೆ ಮತ್ತು ಹೆಚ್ಚಿನ ಸಲ ಅಂದಾಜು ತಪ್ಪುವುದಿಲ್ಲ. ಇಂಥ ಊರಿನಲ್ಲಿ ‘ಇಲ್ಲಿ ಕಳ್ಳಕಾಕರ ಭಯ ಹೇಗೆ?’ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ‘ನಮ್ಮೂರವರದು ಏನಿಲ್ಲ, ಎಲ್ಲಾ ಆ ಕಡೆಯಿಂದ ಬರೋರದೇ’ ಎಂಬುದು. ಒಮ್ಮೆ ಅದೇ ದಿನ ಬಸ್ಸು ಹತ್ತಿ ಗಡಿಯಾಚೆ ಹೋಗಿ ಅದೇ ಪ್ರಶ್ನೆಯನ್ನು ಹರಕುಮುರುಕು ತೆಲುಗಿನಲ್ಲಿ ಕೇಳಿದೆ. ಉತ್ತರವೂ ಅದೇ ಆಗಿತ್ತು. ‘ಆ ಕಡೆ’ ಎಂದು ತೋರಿಸಿದ ಕೈ ಮಾತ್ರ ನಾನು ಬಂದ ದಿಕ್ಕಿಗೆ ತಿರುಗಿತ್ತು.

ಒಂದು ಊರು ಸುರಕ್ಷಿತವಾಗಿದೆಯೇ ಎಂಬುದೂ ಅದು ಸುರಕ್ಷಿತ ಎನಿಸುತ್ತದೆಯೇ ಎಂಬುದೂ ಬೇರೆಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ಪೊಲೀಸ್ ದಾಖಲೆಗಳಿವೆ. 1986ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಅವನ್ನು ದೇಶದ ಮಟ್ಟದಲ್ಲಿ ಒಟ್ಟುಗೂಡಿಸಿ ಪ್ರಕಟಿಸುತ್ತದೆ. ಎರಡನೆಯದನ್ನು ತಿಳಿಯಲು ಮನೆಮನೆಗೆ ಹೋಗಿ ಕೇಳಬೇಕು. ಅಮೆರಿಕದಲ್ಲಿ 1960ರ ದಶಕದಲ್ಲಿಯೂ ಬ್ರಿಟನ್ನಿನಲ್ಲಿ 1982ರಿಂದಲೂ ನಡೆದ ಅಪರಾಧ ಸಮೀಕ್ಷೆಗಳಲ್ಲಿ ಕೇಳುತ್ತ ಬಂದ ಹಳೆಯ ಪ್ರಶ್ನೆ ಇದು: ಕತ್ತಲಾದ ಮೇಲೆ ನಿಮ್ಮ ಬಡಾವಣೆಯಲ್ಲಿ ಒಬ್ಬರೇ ನಡೆಯುವುದು ಎಷ್ಟು ಸುರಕ್ಷಿತ ಎನಿಸುತ್ತದೆ? ಪ್ರಶ್ನೆ ಸರಳವಾಗಿ ಕಂಡರೂ ಅದರಲ್ಲೊಂದು ತೊಡಕಿದೆ. ರಾತ್ರಿ ಒಬ್ಬರೇ ನಡೆಯುವ ಪ್ರಸಂಗವೇ ಬಾರದವರು ಕೂಡ ಅದಕ್ಕೆ ಉತ್ತರ ಕೊಡುತ್ತಾರೆ. ಸ್ಟೀಫನ್ ಫ್ಯಾರಲ್ ಮತ್ತು ಡೇವಿಡ್ ಗ್ಯಾಡ್ ಎಂಬ ಸಂಶೋಧಕರು 2004ರಲ್ಲಿ ಪ್ರಶ್ನೆಯನ್ನೇ ಬದಲಿಸಿ, ಕಳೆದ ಒಂದು ವರ್ಷದಲ್ಲಿ ನಿಜವಾಗಿ ಎಷ್ಟು ಸಲ ಹೆದರಿದ್ದೀರಿ ಎಂದು ವಿಚಾರಿಸಿದ ವಿವರಗಳನ್ನು ಪ್ರಕಟಿಸಿದರು. ಭಯಪಟ್ಟವರ ಸಂಖ್ಯೆ ಹಳೆಯ ಸಮೀಕ್ಷೆಗಳು ಸೂಚಿಸಿದ್ದಕ್ಕಿಂತ ಬಹಳ ಕಡಿಮೆಯಿತ್ತು.

ಈ ವ್ಯತ್ಯಾಸವನ್ನು ಹೇಳಲು ಕನ್ನಡದಲ್ಲಿ ಪದಗಳು ಮೊದಲೇ ಇವೆ. ಓಣಿಯ ತಿರುವಿನಲ್ಲಿ ಹಿಂದೆ ಹೆಜ್ಜೆ ಸಪ್ಪಳ ಕೇಳಿದಾಗ ಹುಟ್ಟುವುದು ದಿಗಿಲು. ಅದು ಬಂದು ಹೋಗುತ್ತದೆ. ‘ಆ ಕಡೆ ಯಾಕೋ ಹೋಗೋದು ಬೇಡ’ ಎಂದು ಒಳಗೇ ಕೂತು ದಾರಿಯನ್ನೇ ಬದಲಿಸುವಂತೆ ಮಾಡುವುದು ಅಳುಕು. ಸಮೀಕ್ಷೆಗಳು ‘ಸುರಕ್ಷಿತ’ ಎಂಬ ಸರ್ಕಾರಿ ಪದವನ್ನು ಹಿಡಿದು ಇವೆರಡನ್ನೂ ಒಂದೇ ಸೇರಿನಲ್ಲಿ ಅಳೆಯುತ್ತವೆ. ಹೆಂಗಸರು ಮತ್ತು ವೃದ್ಧರು ಹೆಚ್ಚು ಭಯವನ್ನು ಹೇಳಿಕೊಂಡರೂ ಬೀದಿಯ ಹೊಡೆದಾಟ, ಹಲ್ಲೆಗಳಿಗೆ ಹೆಚ್ಚಾಗಿ ಗುರಿಯಾಗುವವರು ಯುವಕರೇ ಎಂಬ, ಅಪರಾಧಶಾಸ್ತ್ರದಲ್ಲಿ ಬಹುಕಾಲ ಒಗಟಾಗಿದ್ದ ಸಂಗತಿಗೂ ಈ ಅಳುಕಿನಲ್ಲಿ ಅರ್ಧ ಉತ್ತರವಿದೆ: ಅಳುಕಿನಿಂದ ಹೊರಗೆ ಹೋಗದವರಿಗೆ ಹೊರಗಿನ ಅಪಾಯ ತಟ್ಟುವುದು ಕಡಿಮೆ. ಬಸ್ಸಿನಲ್ಲಿ, ಮಾರುಕಟ್ಟೆಯ ನೂಕುನುಗ್ಗಲಿನಲ್ಲಿ ಹೆಂಗಸರು ದಿನವೂ ಸಹಿಸುವ ಕಿರುಕುಳ ಯಾವ ದಾಖಲೆಗೂ ಏರುವುದಿಲ್ಲ ಎಂಬುದು ಉಳಿದರ್ಧ. ಅದನ್ನು ಒಗಟು ಎಂದು ಕರೆದವರು ಬಹುಶಃ ಆ ಬಸ್ಸು ಹತ್ತಿದವರಲ್ಲ.

ಭಯ ಅಂಕಿಅಂಶವನ್ನು ಅನುಸರಿಸುವುದಿಲ್ಲ ಎಂಬುದಕ್ಕೆ ಗಡಿಯೂರುಗಳಲ್ಲೇ ಅತ್ಯಂತ ಪ್ರಸಿದ್ಧವಾದ ಉದಾಹರಣೆ ಅಮೆರಿಕದ ಎಲ್ ಪಾಸೊ. ರಿಯೋ ಗ್ರಾಂಡೆ ಎಂಬ ನದಿಯ ಈ ದಡದಲ್ಲಿ ಎಲ್ ಪಾಸೊ, ಆ ದಡದಲ್ಲಿ ಮೆಕ್ಸಿಕೋದ ಸಿಯುದಾದ್ ಹ್ವಾರೆಸ್. ಮಾದಕವಸ್ತು ಗುಂಪುಗಳ ಕಾಳಗದಿಂದಾಗಿ 2010ರಲ್ಲಿ ಹ್ವಾರೆಸ್‌ನಲ್ಲಿ 3,000ಕ್ಕೂ ಹೆಚ್ಚು ಜನರ ಕೊಲೆಯಾಯಿತು. ಸೇತುವೆ ದಾಟಿದರೆ ಸಿಗುವ ಎಲ್ ಪಾಸೊದಲ್ಲಿ ಅದೇ ವರ್ಷ ಆದ ಕೊಲೆಗಳು 5. ಗಡಿ ಎಂದರೆ ಅಪರಾಧ ನೀರಿನಂತೆ ಸೋರಿ ಬರುವ ಜಾಗ ಎಂಬ ಕಲ್ಪನೆಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಹಾಗಿದ್ದೂ ಅಲ್ಲಿಂದ ಸಾವಿರಾರು ಮೈಲಿ ದೂರ ಕೂತವರು ಎಲ್ ಪಾಸೊವನ್ನು ಅಪಾಯದ ಊರೆಂದೇ ನಂಬಿದ್ದರು. ಅಪಾಯ ಯಾವಾಗಲೂ ಪಕ್ಕದ ಊರಿನಲ್ಲಿ ಇರುತ್ತದೆ ಎಂಬುದು ಮನುಷ್ಯರ ಹಳೆಯ ನಂಬಿಕೆ. ಗಡಿಯೂರಿನಲ್ಲಿ ಆ ಪಕ್ಕದ ಊರಿಗೆ ಬೇರೆ ಭಾಷೆ, ಬೇರೆ ನಂಬರ್ ಪ್ಲೇಟು ಇರುತ್ತವೆಯಾದ್ದರಿಂದ ನಂಬಿಕೆಗೆ ಆಧಾರ ಸಿಕ್ಕಂತಾಗುತ್ತದೆ.

ಇದರ ಹಿಂದಿರುವ ಮನಸ್ಸಿನ ಲೆಕ್ಕವನ್ನು ಮನಶ್ಶಾಸ್ತ್ರಜ್ಞರಾದ ಏಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ 1973ರಲ್ಲಿ ವಿವರಿಸಿದರು. ಒಂದು ಘಟನೆ ಎಷ್ಟು ಸಾಮಾನ್ಯ ಎಂದು ನಿರ್ಧರಿಸಬೇಕಾದಾಗ ಮನಸ್ಸು ಎಣಿಸಲು ಹೋಗುವುದಿಲ್ಲ. ಅದರ ಉದಾಹರಣೆ ಎಷ್ಟು ಸುಲಭವಾಗಿ ನೆನಪಿಗೆ ಬರುತ್ತದೆ ಎಂದಷ್ಟೇ ನೋಡುತ್ತದೆ. ಹೊರರಾಜ್ಯದ ತಂಡವೊಂದು ಸರಗಳ್ಳತನ ಮಾಡಿ ಗಡಿ ದಾಟಿತು ಎಂಬ ಸುದ್ದಿ ವರ್ಷಗಟ್ಟಲೆ ನೆನಪಿನಲ್ಲಿ ಉಳಿಯುತ್ತದೆ. ಹೆದ್ದಾರಿ ದಾಟುವಾಗ ಲಾರಿಗೆ ಸಿಕ್ಕು ಸತ್ತವರ ಸುದ್ದಿ ಮೂರು ಸಾಲಿನಲ್ಲಿ ಮುಗಿದು ಹೋಗುತ್ತದೆ. 2022ರಲ್ಲಿ ಭಾರತದಲ್ಲಿ ದಾಖಲಾದ ಕೊಲೆ ಪ್ರಕರಣಗಳು 28,522. ಅದೇ ವರ್ಷ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ, ಅಂದರೆ ಸುಮಾರು ಆರು ಪಟ್ಟು. ಬೆಂಗಳೂರಿನಿಂದ ಕೋಲಾರ, ಮುಳಬಾಗಿಲುಗಳ ಮೂಲಕ ಗಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ರ ಬದಿಯಲ್ಲಿ ಬದುಕುವವರು ನಿಜಕ್ಕೂ ಹೆದರಬೇಕಾದದ್ದು ಆ ಕಡೆಯಿಂದ ಬರುವ ಮನುಷ್ಯನಿಗಿಂತ ಎರಡೂ ಕಡೆಯಿಂದ ಬರುವ ವಾಹನಕ್ಕೆ. ಆದರೆ ಹೆದ್ದಾರಿ ಪರಿಚಿತ, ಅದನ್ನು ದಾಟುವುದು ನಮ್ಮದೇ ಆಯ್ಕೆ. ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ ಅವರ 1987ರ ಪ್ರಸಿದ್ಧ ಪ್ರಬಂಧ ತೋರಿಸುವಂತೆ, ಪರಿಚಿತವಾದ ಮತ್ತು ನಮ್ಮ ಹತೋಟಿಯಲ್ಲಿದೆ ಎನಿಸುವ ಅಪಾಯ ಎಷ್ಟೇ ದೊಡ್ಡದಿದ್ದರೂ ನಮಗೆ ಚಿಕ್ಕದಾಗಿಯೇ ಕಾಣುತ್ತದೆ. ಅಪರಿಚಿತನ ಬಗೆಗಿನ ಭಯಕ್ಕೆ ಇನ್ನೊಂದು ಪೆಟ್ಟು ಬೇಕಿದ್ದರೆ, ಅಪರಾಧ ದಾಖಲೆಗಳ ಬ್ಯೂರೋದ ವರದಿಗಳು ವರ್ಷವರ್ಷವೂ ಹೇಳುವ ಮಾತೊಂದಿದೆ: ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ಶೇ. 90ಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಸಂತ್ರಸ್ತೆಗೆ ಪರಿಚಿತನೇ.

ಹಾಗಾದರೆ ಬೀದಿಯನ್ನು ನೋಡುವ ಕಣ್ಣನ್ನು ಎಷ್ಟು ನಂಬಬಹುದು? ಅಮೆರಿಕದ ಷಿಕಾಗೊ ನಗರದಲ್ಲಿ ರಾಬರ್ಟ್ ಸ್ಯಾಂಪ್ಸನ್ ಮತ್ತು ಸ್ಟೀಫನ್ ರಾಡೆನ್‌ಬುಷ್ ಎಂಬ ಸಮಾಜಶಾಸ್ತ್ರಜ್ಞರು ಒಂದು ವಾಹನಕ್ಕೆ ಕ್ಯಾಮೆರಾಗಳನ್ನು ಕಟ್ಟಿ, ಸಾವಿರಾರು ಬೀದಿಗಳಲ್ಲಿ ನಿಧಾನವಾಗಿ ಓಡಿಸಿ, ಕಸ, ಒಡೆದ ಗಾಜು, ಗೋಡೆಬರಹಗಳನ್ನೆಲ್ಲ ಚಿತ್ರೀಕರಿಸಿ ಎಣಿಸಿದರು. ಬಳಿಕ ಅದೇ ಬೀದಿಗಳ ಬಗ್ಗೆ ಅಲ್ಲಿಯ ನಿವಾಸಿಗಳ ಅಭಿಪ್ರಾಯದೊಂದಿಗೆ ಹೋಲಿಸಿದರು. 2004ರಲ್ಲಿ ಪ್ರಕಟವಾದ ಫಲಿತಾಂಶ ಮುಜುಗರ ಹುಟ್ಟಿಸುವಂಥದ್ದು. ಕಸ ಅಷ್ಟೇ ಇದ್ದರೂ ಬಡವರು ಮತ್ತು ಕಪ್ಪು ಜನರು ಹೆಚ್ಚಿರುವ ಬೀದಿ ಹೆಚ್ಚು ಕೆಟ್ಟದಾಗಿ ಕಂಡಿತ್ತು, ಅದೂ ಬಿಳಿಯರಿಗೆ ಮಾತ್ರವಲ್ಲ, ಕಪ್ಪು ಜನರಿಗೂ. ಕಣ್ಣು ಕಸವನ್ನು ನೋಡುವ ಮೊದಲೇ ಯಾರ ಬೀದಿ ಎಂಬುದನ್ನು ನೋಡಿರುತ್ತದೆ. ಸ್ಯಾಂಪ್ಸನ್ ತಂಡವೇ ಮುಂದಿನ ವರ್ಷ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಹೊರದೇಶದಿಂದ ಬಂದ ಮೊದಲ ತಲೆಮಾರಿನವರು ಹಿಂಸೆಯಲ್ಲಿ ತೊಡಗುವ ಸಾಧ್ಯತೆ ಮೂರನೆಯ ತಲೆಮಾರಿನವರಿಗಿಂತ ಶೇ. 45ರಷ್ಟು ಕಡಿಮೆ ಎಂದು ಕಂಡುಬಂತು. ಷಿಕಾಗೊದ ಅಂಕಿಯನ್ನು ಕೋಲಾರಕ್ಕೆ ಹಾಗೆಯೇ ತಂದು ಅಂಟಿಸಲಾಗದು. ಆದರೆ ಹೊಸಬರ ಬಗ್ಗೆ ತೀರ್ಪು ಕೊಡುವ ಮೊದಲು ಎಣಿಸಿ ನೋಡುವ ಅಭ್ಯಾಸವನ್ನು ತರಬಹುದು.

ಈಗ ಹೊಸಬರ ಕಡೆಯಿಂದ ನೋಡೋಣ. ಕೋಲಾರದ ಹತ್ತಿರದ ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳ ಕಾರ್ಖಾನೆಗಳಿಗೆ ಉತ್ತರ ಕರ್ನಾಟಕದಿಂದಲೂ ಹೊರರಾಜ್ಯಗಳಿಂದಲೂ ಹುಡುಗ ಹುಡುಗಿಯರು ಬಂದು, ಸುತ್ತಲಿನ ಹಳ್ಳಿಗಳಲ್ಲಿ ಎದ್ದಿರುವ ಬಾಡಿಗೆ ಕೊಠಡಿಗಳಲ್ಲಿ ನೆಲೆಸಿದ್ದಾರೆ. ಹೊಸ ಜಾಗದ ಮೊದಲ ರಾತ್ರಿ ನಿದ್ದೆ ಹತ್ತುವುದಿಲ್ಲ ಎಂಬುದು ಎಲ್ಲರ ಅನುಭವ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಪ್ರಯೋಗಾಲಯದಲ್ಲಿ ಮೊದಲ ರಾತ್ರಿ ಮಲಗಿದವರ ಮೆದುಳಿನ ಎಡ ಅರ್ಧದಲ್ಲಿ ಗಾಢನಿದ್ರೆ ಬಲ ಅರ್ಧಕ್ಕಿಂತ ತೆಳುವಾಗಿತ್ತು. ಎಡ ಅರ್ಧಕ್ಕೆ ಸುದ್ದಿ ಮುಟ್ಟಿಸುವ ಬಲ ಕಿವಿಯ ಬಳಿ ಸಣ್ಣ ಸದ್ದು ಮಾಡಿದರೆ ಅವರು ಬೇಗ ಎಚ್ಚರಗೊಳ್ಳುತ್ತಿದ್ದರು. ಡಾಲ್ಫಿನ್ನುಗಳು, ಕೆಲವು ಹಕ್ಕಿಗಳು ಮೆದುಳಿನ ಅರ್ಧವನ್ನಷ್ಟೇ ಮಲಗಿಸುತ್ತವೆ. ನಮ್ಮಲ್ಲಿಯೂ ಅದರ ಮಬ್ಬಾದ ಛಾಯೆ ಉಳಿದಿರುವಂತಿದೆ. ಅರ್ಧ ಮೆದುಳು ರಾತ್ರಿಯಿಡೀ ಕಾವಲು ಕೂತಿರುತ್ತದೆ ಎಂದರೆ ಸ್ವಲ್ಪ ಉತ್ಪ್ರೇಕ್ಷೆಯಾದೀತು, ಪೂರ್ತಿ ಸುಳ್ಳಾಗದು.

ಒಂದು ವಾರ ಕಳೆದ ಮೇಲೆ, ಅದೇ ಅಧ್ಯಯನದ ಇನ್ನೊಂದು ರಾತ್ರಿಯಲ್ಲಿ ಈ ಅಸಮತೋಲನ ಮಾಯವಾಗಿತ್ತು. ಆದರೆ ಹಗಲಿನ ಎಚ್ಚರ ಅಷ್ಟು ಬೇಗ ಹೋಗುವುದಿಲ್ಲ, ಅದಕ್ಕೆ ಕಾರಣ ಊರಿನ ಕಣ್ಣುಗಳು. ನಗರಗಳ ಬಗ್ಗೆ ಬರೆದ ಜೇನ್ ಜೇಕಬ್ಸ್ 1961ರಲ್ಲಿಯೇ ಹೇಳಿದ್ದಂತೆ ಬೀದಿಯನ್ನು ಕಾಯುವವರಲ್ಲಿ ಪೊಲೀಸರಿಗಿಂತ ಅಂಗಡಿಯವರು, ಜಗುಲಿಯ ಮೇಲೆ ಕೂತವರು, ಕಿಟಕಿಯಿಂದ ನೋಡುವವರು ಮುಖ್ಯರು. ಕೋಲಾರದ ಕ್ಲಾಕ್ ಟವರ್ ಸುತ್ತ ರಾತ್ರಿ ತೆರೆದಿರುವ ಚಹಾ ಅಂಗಡಿಗಳು, ಕತ್ತಲಿರುವಾಗಲೇ ಲಾರಿಗಳು ಬಂದಿಳಿಯುವ ಟೊಮೆಟೊ ಮಾರುಕಟ್ಟೆಯ ಗದ್ದಲ ಮಾಡುವುದು ಇದೇ ಕೆಲಸವನ್ನು. ಸ್ಥಳೀಯ ಹೆಂಗಸೊಬ್ಬರಿಗೆ ಆ ಕಣ್ಣುಗಳು ಆಸರೆ. ಅದೇ ಕಣ್ಣುಗಳು ಜಾರ್ಖಂಡಿನಿಂದ ಬಂದ ಹುಡುಗಿಯ ಮೇಲೆ ಬಿದ್ದಾಗ ಆಕೆ ಹೆಜ್ಜೆ ಬಿರುಸು ಮಾಡುತ್ತಾಳೆ. ‘ಯಾವೂರಮ್ಮ ನಿಂದು?’ ಎಂಬ ಪ್ರಶ್ನೆ ಕೇಳುವವರಿಗೆ ಉಪಚಾರದ ಮೊದಲ ಮಾತು. ಭಾಷೆ ತಿಳಿಯದವರಿಗೆ ಅದು ವಿಚಾರಣೆಯ ಮೊದಲ ಪ್ರಶ್ನೆ. ನನ್ನ ಮಟ್ಟಿಗೆ ಗಡಿಯೂರಿನ ಸುರಕ್ಷತೆಯ ತಿರುಳು ಇಲ್ಲಿಯೇ ಇದೆ: ಹಳಬರ ನೆಮ್ಮದಿಯೂ ಹೊಸಬರ ಅಳುಕೂ ಹುಟ್ಟುವುದು ಒಂದೇ ನೋಟದಿಂದ, ಮತ್ತು ಆ ನೋಟವನ್ನು ಹೇಗೆ ಓದಬೇಕೆಂದು ಗೊತ್ತಿರುವುದರಿಂದ ಅಥವಾ ಗೊತ್ತಿಲ್ಲದಿರುವುದರಿಂದ.

ನೋಡುವುದಷ್ಟೇ ಸಾಲದು, ನೋಡಿದವರು ಎದ್ದು ಬರಬೇಕು. ಸ್ಯಾಂಪ್ಸನ್ ತಂಡ 1995ರಲ್ಲಿ ಷಿಕಾಗೊದ 343 ಬಡಾವಣೆಗಳ 8,782 ನಿವಾಸಿಗಳನ್ನು ಸಂದರ್ಶಿಸಿ, ನಿಮ್ಮ ಮನೆ ಮುಂದೆ ಹೊಡೆದಾಟವಾದರೆ ನೆರೆಯವರು ಬಿಡಿಸಲು ಬರುತ್ತಾರೆಯೇ, ನೆರೆಯವರನ್ನು ನಂಬಬಹುದೇ ಎಂಬಂಥ ಪ್ರಶ್ನೆಗಳನ್ನು ಕೇಳಿತ್ತು. ಬರುತ್ತಾರೆ ಎಂಬ ನಂಬಿಕೆ ಬಲವಾಗಿದ್ದ ಕಡೆ, ಬಡತನವನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಹಿಂಸೆ ಕಡಿಮೆಯಿತ್ತು. ಜನ ಬಂದು ಹೋಗುತ್ತಲೇ ಇರುವ ಬಡಾವಣೆಗಳಲ್ಲಿ ಆ ನಂಬಿಕೆ ದುರ್ಬಲವಾಗಿತ್ತು. ಪಾಳಿಗೊಬ್ಬರು, ತಿಂಗಳಿಗೊಬ್ಬರು ಬದಲಾಗುವ ನರಸಾಪುರದ ಕೊಠಡಿಗಳ ಸಾಲಿನಲ್ಲಿ ಪಕ್ಕದ ಬಾಗಿಲಿನವರ ಹೆಸರು ತಿಳಿಯುವಷ್ಟರಲ್ಲಿ ಅವರು ಖಾಲಿ ಮಾಡಿರುತ್ತಾರೆ. ಬೀದಿದೀಪ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರ ಮಾತನ್ನೂ ತಳ್ಳಿಹಾಕುವಂತಿಲ್ಲ: ನ್ಯೂಯಾರ್ಕಿನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ 2016ರಲ್ಲಿ ಚೀಟಿ ಎತ್ತಿದಂತೆ ಆಯ್ದ ಕಡೆ ಪ್ರಖರ ದೀಪಗಳನ್ನು ಇಟ್ಟು ನೋಡಿದಾಗ ರಾತ್ರಿ ಬಯಲಿನಲ್ಲಿ ನಡೆಯುವ ಗಂಭೀರ ಅಪರಾಧಗಳು ಸುಮಾರು ಶೇ. 36ರಷ್ಟು ಇಳಿದವು. ಆದರೆ ದೀಪ ಮುಖವನ್ನು ತೋರಿಸೀತು, ಪರಿಚಯ ಮಾಡಿಸದು.

ಕೂಗಿದರೆ ಯಾರು ಬರುತ್ತಾರೆ ಎಂಬ ಪ್ರಶ್ನೆ ಗಡಿಯಲ್ಲಿ ಇನ್ನೂ ಒಂದು ಸುತ್ತು ಬಿಗಿಯಾಗುತ್ತದೆ. ‘ಅದು ನಮ್ಮ ಲಿಮಿಟ್ಸ್‌ಗೆ ಬರಲ್ಲ’ ಎಂಬ ಉತ್ತರ ಕೇಳಿ ಹಿಂದಿರುಗುವ ಭಯ ಗಡಿಯೂರಿನವರಿಗೆ ಹೊಸದಲ್ಲ. ಬಸ್ಸಿನಲ್ಲಿ ಚೀಲ ಕಳೆದುಕೊಂಡವನಿಗೆ ಕಳವು ಆದದ್ದು ಗಡಿಯ ಈಚೆಯೋ ಆಚೆಯೋ ಹೇಗೆ ತಿಳಿಯಬೇಕು? 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಪೊಲೀಸರು ತಾವೇ ತನಿಖೆ ಮಾಡಬಹುದಾದಂಥ ಅಪರಾಧ ಎಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ದೂರು ಕೊಡಬಹುದು. ಜನ ಇದನ್ನು ಝೀರೋ ಎಫ್‌ಐಆರ್ ಎನ್ನುತ್ತಾರೆ. ದೂರನ್ನು ಸಂಬಂಧಪಟ್ಟ ಠಾಣೆಗೆ ಮುಟ್ಟಿಸುವ ಹೊಣೆ ಪೊಲೀಸರದು, ದೂರುದಾರನದಲ್ಲ. ನಂಗಲಿಯ ಬಸ್ಸು ನಿಲ್ಲುವಲ್ಲಿ ಇಷ್ಟನ್ನು ಕನ್ನಡ, ತೆಲುಗು, ತಮಿಳು, ಉರ್ದು, ಹಿಂದಿಗಳಲ್ಲಿ ಬರೆಸಿ, ಕೆಳಗೆ 112 ಎಂಬ ತುರ್ತು ಸಹಾಯದ ಸಂಖ್ಯೆಯನ್ನು ಹಾಕಿಸಲು ಒಂದು ಗೋಡೆ ಮತ್ತು ಒಂದು ಡಬ್ಬಿ ಬಣ್ಣ ಸಾಕು.