ಸೆಕೆಂಡರಿ ಎನ್ಯುರೆಸಿಸ್: ನಿಂತಿದ್ದ ಒದ್ದೆ ಹಾಸಿಗೆ ಮತ್ತೆ ಶುರುವಾದಾಗ

ಐದು ವರ್ಷ ದಾಟಿದ ಮಗು ಕನಿಷ್ಠ 6 ತಿಂಗಳು ಹಾಸಿಗೆ ಒದ್ದೆ ಮಾಡದೆ ಇದ್ದು, ಮತ್ತೆ ಮಾಡತೊಡಗಿದರೆ ಅದು ಸೆಕೆಂಡರಿ ಎನ್ಯುರೆಸಿಸ್. ಮೊದಲಿನಿಂದ ನಿಲ್ಲದೇ ಇದ್ದದ್ದು ಪ್ರೈಮರಿ. ಸೆಕೆಂಡರಿ ಎಂದ ಕೂಡಲೇ ‘ನಡುವೆ ಏನಾಯಿತು?’ ಎಂದು ಕೇಳಲೇಬೇಕು. ಮನೆಯಲ್ಲಿ ಸಾವು, ಅಪಘಾತ, ಹೊಡೆತ, ಲೈಂಗಿಕ ದೌರ್ಜನ್ಯ ಕಂಡ ಮಕ್ಕಳಲ್ಲಿ ಇದು ಕಾಣಿಸಿಕೊಳ್ಳುವುದುಂಟು. ಹಾಗೆಂದು ಒದ್ದೆ ಹಾಸಿಗೆಯೊಂದೇ ದೌರ್ಜನ್ಯಕ್ಕೆ ಪುರಾವೆಯಲ್ಲ. ಮೂತ್ರ ಪರೀಕ್ಷೆಯಲ್ಲಿ ಸೋಂಕು, ಸಕ್ಕರೆ ಇವೆಯೇ ನೋಡಬೇಕು. ವಿಪರೀತ ಬಾಯಾರಿಕೆ, ತೂಕ ಇಳಿಕೆ ಇದ್ದರೆ ಮಧುಮೇಹವಿರಬಹುದು, ಪರೀಕ್ಷೆ ಅದೇ ದಿನ ಆಗಬೇಕು.

ಹೆದರಿದ ಮಗುವಿನ ಮೈ ಬಿಗಿಯಾಗಿರುತ್ತದೆ. ಮೂತ್ರಕೋಶ ಖಾಲಿಯಾಗಲು ಅದರ ಕೆಳಗಿನ ಸ್ನಾಯುಗಳು ಸಡಿಲವಾಗಬೇಕು, ಅವೇ ಬಿಗಿದಿರುತ್ತವೆ. ಮೂತ್ರ ನಿಂತು ನಿಂತು ಹೋಗುತ್ತದೆ, ಒಳಗೆ ಉಳಿದದ್ದು ಸೋಂಕಿಗೆ ದಾರಿ. ಬಚ್ಚಲಲ್ಲೇ ಕೆಟ್ಟದ್ದು ನಡೆದಿದ್ದರೆ ಮಗು ಅತ್ತ ಸುಳಿಯುವುದೇ ಇಲ್ಲ. ಮಲವನ್ನೂ ತಡೆದುಕೊಳ್ಳುತ್ತದೆ; ಗಟ್ಟಿಯಾದ ಮಲ ಮೂತ್ರಕೋಶವನ್ನು ಒತ್ತುತ್ತದೆ. ಹಾಗಾಗಿ ಮಲಬದ್ಧತೆಯ ಚಿಕಿತ್ಸೆಯೇ ಮೊದಲು. ಇದನ್ನು ಬಿಟ್ಟು ಔಷಧಿಗೆ ಕೈಹಾಕುವುದೇ ಸಾಮಾನ್ಯ ತಪ್ಪು.

ಎರಡು ದಿನ ಮಗು ಪ್ರತಿ ಸಲ ಮಾಡುವ ಮೂತ್ರವನ್ನು ಅಳತೆ ಲೋಟದಲ್ಲಿ ಹಿಡಿದು, ಹೊತ್ತು ಸಮೇತ ಬರೆದಿಡಿ. ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿದರೆ ಮೂತ್ರಕೋಶದ ಅಂದಾಜು ಸಾಮರ್ಥ್ಯ: ಏಳು ವರ್ಷಕ್ಕೆ 240 ಮಿ.ಲೀ. ‘ಬೆಳಿಗ್ಗೆ 7ಕ್ಕೆ 180, ಸಂಜೆ 4:30ಕ್ಕೆ 330’ ಎಂದಿದ್ದರೆ ಮಗು ಶಾಲೆಯಲ್ಲಿ ಇಡೀ ದಿನ ತಡೆದುಕೊಂಡಿದೆ ಎಂದರ್ಥ. ಎರಡು-ಮೂರು ಗಂಟೆಗೊಮ್ಮೆ ಹೋಗುವ ರೂಢಿ ಮಾಡಿಸಿ, ಟೀಚರಿಗೂ ತಿಳಿಸಿಡಿ. ಕಮೋಡಿನಲ್ಲಿ ಕಾಲು ಜೋತಾಡಿದರೆ ಸ್ನಾಯು ಸಡಿಲವಾಗದು, ಪಾದದಡಿ ಒಂದು ಮಣೆ ಇಡಿ. ಬಾಗಿಲು ಹಾಕಬೇಕೋ, ತೆರೆದಿಡಬೇಕೋ, ಹೊರಗೆ ಯಾರು ನಿಲ್ಲಬೇಕು ಎಂಬುದು ಮಗುವಿನ ತೀರ್ಮಾನ.

ಬರೆ ಹಾಕುವುದು, ಒದ್ದೆ ಹಾಸಿಗೆ ಹೊರಿಸಿ ನಿಲ್ಲಿಸುವುದು ಹಿಂಸೆಯೇ. ಬಿಗಿತ ಇನ್ನಷ್ಟು ಹೆಚ್ಚುತ್ತದೆ. ಮಕ್ಕಳ ಮನೋತಜ್ಞರ ಚಿಕಿತ್ಸೆ ಮಲಬದ್ಧತೆಯ ಚಿಕಿತ್ಸೆ, ಬಚ್ಚಲಿನ ರೂಢಿಗಳ ಜತೆಜತೆಗೇ ನಡೆಯಬೇಕು. ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೊ ಕಾಯ್ದೆ, 2012ರ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098.

ಒದ್ದೆಯಾದೊಡನೆ ಸದ್ದು ಮಾಡುವ ಅಲಾರಂ ಉಳಿದ ಮಕ್ಕಳಿಗೆ ಒಳ್ಳೆಯದೇ. ಆದರೆ ರಾತ್ರಿ ಬೆಚ್ಚಿ ಏಳುವ ಮಗುವಿಗೆ ಅದು ಇನ್ನೊಂದು ಭಯ, ಅವಸರ ಬೇಡ. ವೈದ್ಯರು ಡೆಸ್ಮೋಪ್ರೆಸಿನ್ (ರಾತ್ರಿ ಮೂತ್ರ ಕಡಿಮೆಯಾಗಿಸುವ ಔಷಧಿ) ಬರೆದುಕೊಟ್ಟರೆ, ಮಾತ್ರೆಗೆ ಒಂದು ಗಂಟೆ ಮುಂಚಿನಿಂದ ಎಂಟು ಗಂಟೆ ನಂತರದವರೆಗೆ ಹೆಚ್ಚು ನೀರು ಕುಡಿಸಬಾರದು: ರಕ್ತದ ಸೋಡಿಯಂ ಕುಸಿದು ಫಿಟ್ಸ್ ಬರಬಹುದು.