ಶಾಲೆ ಬಿಟ್ಟ ಮೇಲಿನ ಎರಡು ತಾಸು: ಮಕ್ಕಳಿಗೆ ಏನು ಆಡಿಸೋದು?

ಪ್ರಶ್ನೆ: ನಮಸ್ಕಾರ ಅಕ್ಕೋರೇ. ಕಾರವಾರದಲ್ಲಿ ನಮ್ಮ ಮನೆಯ ಹೊರಗಿನ ದೊಡ್ಡ ಕೋಣೆಯಲ್ಲಿ, ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳೋಕೆ ಶುರು ಮಾಡಿದ್ದೇನೆ. 1ನೇ ಕ್ಲಾಸಿನಿಂದ 6ನೇ ಕ್ಲಾಸಿನವರೆಗಿನ 14 ಮಕ್ಕಳಿದ್ದಾರೆ. ನಾಲ್ಕೂವರೆಗೆ ಬರುತ್ತಾರೆ, ಆರೂವರೆಗೆ ಮನೆಯವರು ಬಂದು ಕರೆದುಕೊಂಡು ಹೋಗುತ್ತಾರೆ. ಮೊದಲ ವಾರ ಚಿತ್ರ ಬಿಡಿಸಿದೆವು, ಕಾಗದದ ದೋಣಿ ಮಾಡಿದೆವು, ಅಂತ್ಯಾಕ್ಷರಿ ಆಡಿದೆವು. ಈಗ ನನ್ನ ಹತ್ತಿರ ಇದ್ದದ್ದೆಲ್ಲ ಖಾಲಿ. ದಿನಾ ಹೊಸದು ಏನು ತರಲಿ? ಮಳೆಗಾಲ ಬೇರೆ. ಜಾಸ್ತಿ ಖರ್ಚು ಮಾಡುವ ಹಾಗೂ ಇಲ್ಲ.

ಉತ್ತರ: ದಿನಾ ಹೊಸದು ತರಬೇಡಿ. ಇಷ್ಟು ವರ್ಷ ಮಕ್ಕಳ ಜೊತೆ ಸಂಜೆ ಕಳೆದ ಮೇಲೆ ನಾನು ಧೈರ್ಯದಿಂದ ಹೇಳಬಹುದಾದ ಮಾತು ಇದೊಂದೇ. ಇವತ್ತು ಶುರುವಾಗಿ ಇವತ್ತೇ ಮುಗಿಯುವ ಚಟುವಟಿಕೆ ಅರ್ಧ ತಾಸು ಹೊತ್ತು ಕಳೆಯೋಕೆ ಸಾಕು, ಅಷ್ಟೇ. ಮನೆಗೆ ಹೋಗುವಾಗ ಏನೋ ಅರ್ಧಕ್ಕೆ ನಿಂತಿರಬೇಕು. ಬೀಜ ಮೊಳಕೆ ಒಡೆದಿರಬಾರದು, ಆಟದಲ್ಲಿ ಯಾರು ಗೆದ್ದರು ಅಂತ ತೀರ್ಮಾನ ಆಗಿರಬಾರದು. ಹಾಗಿದ್ದರೆ ಮರುದಿನ ಮಗು ಚಪ್ಪಲಿ ಬಿಡುವ ಮೊದಲೇ ಒಳಗೆ ಇಣುಕಿ ನೋಡುತ್ತದೆ.

ಅದಕ್ಕೂ ಮೊದಲು ಹೊಟ್ಟೆಯ ವಿಷಯ. ಮಧ್ಯಾಹ್ನದ ಊಟ ಕರಗಿ ಎಷ್ಟೋ ಹೊತ್ತಾಗಿರುತ್ತದೆ. ಹಸಿದ ಮಗುವಿಗೆ ಯಾವ ಆಟವೂ ರುಚಿಸುವುದಿಲ್ಲ, ಸುಮ್ನೆ ಜಗಳ ತೆಗೆಯುತ್ತದೆ. ಅವಲಕ್ಕಿಗೆ ಕಾಯಿತುರಿ, ಮೇಲೊಂದು ಚಮಚ ಜೋನಿಬೆಲ್ಲ. ಇಲ್ಲದಿದ್ದರೆ ಬಾಳೆಹಣ್ಣು, ಒಂದು ಲೋಟ ಮಜ್ಜಿಗೆ. ಅಷ್ಟು ಸಾಕು. ಅವಲಕ್ಕಿ ಕಲಸುವ ಕೆಲಸವನ್ನು ದೊಡ್ಡ ಮಕ್ಕಳಿಗೇ ಬಿಡಿ, ಸರದಿ ಮೇಲೆ.

ತಿಂದ ಮೇಲೂ ಅರ್ಧ ತಾಸು ಏನೂ ಮಾಡಿಸಬೇಡಿ. ನಾನು ಮೊದಲ ವರ್ಷ ಅರ್ಧರ್ಧ ತಾಸಿಗೊಂದು ಚಟುವಟಿಕೆ ಅಂತ ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೆ. ಒಂದು ದಿನ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಚೀಲ ಬೆನ್ನಿನಿಂದ ಇಳಿಸದೆಯೇ ಗೋಡೆಗೆ ಒರಗಿ ಕೂತಳು. "ಅಕ್ಕೋರೇ, ಇವತ್ತು ನಾನು ಸುಮ್ನೆ ಕೂತ್ಕೊಳ್ಲಾ?" ಅಂತ ಕೇಳಿದಳು. ಬೆಳಗ್ಗೆಯಿಂದ ಕೂತಲ್ಲೇ ಕೂತು, ಹೇಳಿದ್ದನ್ನು ಕೇಳಿ, ಬರೆಯಿರಿ ಅಂದದ್ದನ್ನು ಬರೆದು ಬಂದ ಮಗು ಅದು. ನಾನು ಮತ್ತೊಂದು ಶಾಲೆ ತೆರೆದು ಕೂತಿದ್ದೆ. ಆ ಪಟ್ಟಿಯನ್ನು ಅವತ್ತೇ ಕಿತ್ತೆ. ಈಗ ಒಂದು ಮೂಲೆಯಲ್ಲಿ ಚಾಪೆ, ನಾಲ್ಕು ದಿಂಬು, ಒಂದಿಷ್ಟು ಕಥೆ ಪುಸ್ತಕ ಇಟ್ಟಿದ್ದೇನೆ. ಮಲಗುವವರು ಮಲಗಲಿ, ಹರಟುವವರು ಹರಟಲಿ. ಪುಸ್ತಕಕ್ಕೆ ದುಡ್ಡು ಬೇಕಿಲ್ಲ. ಹಳ್ಳಿಯ ಕಡೆ ಇರುವವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. ವಾರಕ್ಕೊಮ್ಮೆ ಎಲ್ಲರನ್ನೂ ಸಾಲಾಗಿ ಕರೆದುಕೊಂಡು ಹೋಗಿ ಪುಸ್ತಕ ಬದಲಿಸಿ ಬರುವುದೇ ಒಂದು ಚಟುವಟಿಕೆ ಆಗುತ್ತದೆ.

ಈಗ ಮಳೆಗೆ ಬರೋಣ. ನೀವು ಮಳೆಯನ್ನು ಅಡ್ಡಿ ಅಂತ ನೋಡುತ್ತಿದ್ದೀರಿ. ನನಗೆ ವರ್ಷದ ಅತ್ಯುತ್ತಮ ಚಟುವಟಿಕೆ ಕೊಟ್ಟದ್ದು ಮಳೆಯೇ.

ಒಂದು ದೊಡ್ಡ ಪ್ಲಾಸ್ಟಿಕ್ ನೀರಿನ ಬಾಟಲಿ ತೆಗೆದುಕೊಳ್ಳಿ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇರುವಂಥದ್ದು. ಕುತ್ತಿಗೆ ಶುರುವಾಗುವ ಜಾಗದಲ್ಲಿ ಕತ್ತರಿಸಿ, ಆ ಮೇಲ್ಭಾಗವನ್ನು ತಲೆಕೆಳಗಾಗಿ ಒಳಗೆ ಕೂರಿಸಿ. ಆಲಿಕೆಯ ಹಾಗೆ ಆಗುತ್ತದೆ. ತಳ ಉಬ್ಬುತಗ್ಗು ಇರುತ್ತದಲ್ಲ, ಅದು ತುಂಬುವಷ್ಟು ಸಣ್ಣ ಕಲ್ಲು ಹಾಕಿ. ಗಾಳಿಗೆ ಬೀಳದಿರಲೂ ಅದು ಬೇಕು. ಕಲ್ಲು ಮುಳುಗುವಷ್ಟು ನೀರು ಹುಯ್ದು, ಆ ಮಟ್ಟಕ್ಕೆ ಸೊನ್ನೆ ಅಂತ ಗುರುತು ಮಾಡಿ. ಅಲ್ಲಿಂದ ಮೇಲಕ್ಕೆ ಅಳತೆಪಟ್ಟಿ ಅಂಟಿಸಿ. ಮರ, ಸೂರು ಯಾವುದೂ ಅಡ್ಡ ಬರದ ಬಯಲಿನಲ್ಲಿ ಇಡಿ. ಮಳೆಮಾಪಕ ತಯಾರು. ದಿನಾ ಐದು ಗಂಟೆಗೆ ಒಬ್ಬರು ಹೋಗಿ ಎಷ್ಟು ಮಿಲಿಮೀಟರ್ ಅಂತ ನೋಡಿ, ಬರೆದು, ನೀರನ್ನು ಸೊನ್ನೆ ಗುರುತಿಗೆ ಇಳಿಸಿ ಬರಬೇಕು. ಜೋರು ಮಳೆಯ ದಿನ ಬಾಟಲಿ ತುಂಬಿ ಚೆಲ್ಲಬಹುದು. ಅಂಥ ದಿನ ಬೆಳಗ್ಗೆ ನೀವೇ ಒಮ್ಮೆ ನೋಡಿ ಬರೆದಿಡಿ.

ಇಲ್ಲಿಯವರೆಗಿನದು ವಿಜ್ಞಾನ ಪುಸ್ತಕದಲ್ಲೂ ಇದೆ. ಮಜಾ ಇರುವುದು ಗೋಡೆಯಲ್ಲಿ. ನೆಲದಿಂದ ಶುರು ಮಾಡಿ, ಆವತ್ತಿನವರೆಗೆ ಬಿದ್ದ ಒಟ್ಟು ಮಳೆಯಷ್ಟು ಎತ್ತರಕ್ಕೆ ದಿನಾ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. 40 ಮಿಲಿಮೀಟರ್ ಬಿದ್ದರೆ ಗೆರೆ ನಾಲ್ಕು ಬೆರಳಿಗಿಂತ ಕಡಿಮೆ ಮೇಲೇರುತ್ತದೆ. ಮೊದಲ ವಾರ ಯಾರಿಗೂ ಅಷ್ಟೇನೂ ಅನಿಸುವುದಿಲ್ಲ. ಆಮೇಲೆ ಗೆರೆ ಮೊಣಕಾಲಿಗೆ ಬರುತ್ತದೆ, ಸೊಂಟಕ್ಕೆ ಬರುತ್ತದೆ. ಒಂದನೇ ಕ್ಲಾಸಿನವರ ತಲೆ ದಾಟಿದ ದಿನ ದೊಡ್ಡ ಗಲಾಟೆ. "ಅಕ್ಕೋರೇ, ನಾನು ಮುಳುಗಿದೆ!" ಅಂತ ಚಿಕ್ಕವನೊಬ್ಬ ಗೋಡೆಗೆ ಬೆನ್ನು ಕೊಟ್ಟು ನಿಂತು ಎಲ್ಲರನ್ನೂ ಕರೆದಿದ್ದ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ ಅಂತ ನಾವು ಓದಿ ಮರೆತಿರುತ್ತೇವೆ. ಮೂರು ಮೀಟರ್ ಅಂದರೆ ಸೂರಿನ ಹತ್ತಿರ. ಗೆರೆ ನನ್ನ ತಲೆಯನ್ನೂ ದಾಟಿದ ಮೇಲೆ ಸ್ಟೂಲ್ ಹತ್ತಿ ನಾನೇ ಎಳೆಯಬೇಕಾಯಿತು. ಅಷ್ಟು ಹೊತ್ತಿಗೆ ನಾಲ್ಕನೇ ಕ್ಲಾಸಿನವರಿಗೆ ಮೂರಂಕಿ, ನಾಲ್ಕಂಕಿ ಕೂಡುವ ಲೆಕ್ಕ ನೀರು ಕುಡಿದಷ್ಟು ಸಲೀಸು. ಇದಕ್ಕೆ ಆದ ಖರ್ಚು ಒಂದು ಡಬ್ಬಿ ಸೀಮೆಸುಣ್ಣ.

ಎರಡನೆಯದು ಬೀಜ. ಜೂನ್ ತಿಂಗಳಲ್ಲಿ ಹಲಸಿನ ಬೇಳೆ ಇಲ್ಲದ ಮನೆ ನಮ್ಮ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಖಾಲಿ ಹಾಲಿನ ಪ್ಯಾಕೆಟ್ಟಿಗೆ ಕೆಳಗೆ ಎರಡು ತೂತು ಮಾಡಿ, ಮಣ್ಣು ತುಂಬಿ, ಒಂದೊಂದು ಬೇಳೆ ಊರಿಸಿ. ಹಲಸಿನ ಬೇಳೆ ಒಣಗಿದರೆ ಹುಟ್ಟುವುದಿಲ್ಲ, ಹಣ್ಣಿನಿಂದ ತೆಗೆದ ಎರಡು ಮೂರು ದಿನದಲ್ಲೇ ಊರಬೇಕು. ಹುಣಸೆ ಬೀಜಕ್ಕೆ ಅವಸರ ಇಲ್ಲ, ಒಣಗಿಸಿಟ್ಟದ್ದೂ ಬರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಯಾವುದು ಮೊದಲು ಏಳುತ್ತದೆ ಅಂತ ಪಂದ್ಯ ಕಟ್ಟಲಿ. ಈ ಹೊತ್ತಿನಲ್ಲಿ ತುಳಸಿ ಗೌಡರ ಕಥೆ ಹೇಳದೆ ಇರಬೇಡಿ. ಅಂಕೋಲೆಯ ಹೊನ್ನಳ್ಳಿಯವರು. ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿಯುತ್ತಾ, ಯಾವ ಮರದ ಬೀಜವನ್ನು ಯಾವಾಗ ತೆಗೆಯಬೇಕು, ಹೇಗೆ ಮೊಳಕೆ ಬರಿಸಬೇಕು ಅಂತ ಕಂಡುಕೊಂಡವರು. 2021ರಲ್ಲಿ ದೆಹಲಿಗೆ ಹೋಗಿ ಬರಿಗಾಲಲ್ಲೇ ಪದ್ಮಶ್ರೀ ತೆಗೆದುಕೊಂಡು ಬಂದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ನಮ್ಮದೇ ಜಿಲ್ಲೆಯ ಅಜ್ಜಿ ಅಂದಾಗ ಮಕ್ಕಳ ಮುಖ ನೋಡಬೇಕು. ಕೈಯಲ್ಲಿರುವ ಬೇಳೆಯನ್ನು ಆಮೇಲೆ ಬೇರೆ ರೀತಿಯಲ್ಲೇ ಹಿಡಿಯುತ್ತಾರೆ.

ಒಳಗೆ ಕೂತು ಆಡುವ ಆಟಕ್ಕೆ ನನ್ನ ಮೊದಲ ಆಯ್ಕೆ ಅಳಗುಳಿ ಮಣೆ. ಚೆನ್ನೆಮಣೆ ಅಂತಲೂ ಹೇಳುತ್ತಾರೆ. ಹಳೆಯ ಮನೆಗಳಲ್ಲಿ ಅಟ್ಟದ ಮೇಲೆ ಮಣೆ ಇದ್ದೀತು, ಕೇಳಿ ನೋಡಿ. ಸಿಗದಿದ್ದರೆ 14 ಕರಟ ಸಾಕು. ಏಳೇಳರ ಎರಡು ಸಾಲು. ಒಂದೊಂದರಲ್ಲಿ ನಾಲ್ಕು ಹುಣಸೆ ಬೀಜ, ಒಟ್ಟು 56. ತನ್ನ ಸಾಲಿನ ಒಂದು ಗುಳಿ ಬರಿದು ಮಾಡಿ ಒಂದೊಂದೇ ಹಾಕುತ್ತಾ ಹೋಗಬೇಕು. ಕೈಯಲ್ಲಿದ್ದದ್ದು ಮುಗಿದರೆ ಮುಂದಿನ ಗುಳಿಯದನ್ನು ಎತ್ತಿಕೊಂಡು ಮುಂದುವರಿಯಬೇಕು. ಮುಂದಿನದು ಖಾಲಿ ಇದ್ದರೆ ಅದರ ಆಚೆಯ ಗುಳಿಯಲ್ಲಿ ಇದ್ದದ್ದೆಲ್ಲ ನಮ್ಮದು. ನಿಯಮ ಮನೆಮನೆಗೂ ಬೇರೆ, ಒಳ್ಳೆಯದಾಯಿತು. "ನಿಮ್ಮ ಅಜ್ಜಿ ಹೇಗೆ ಆಡ್ತಿದ್ದರು, ಕೇಳಿಕೊಂಡು ಬನ್ನಿ" ಅಂತ ಕಳಿಸಿ. ಮರುದಿನ ನಾಲ್ಕು ಬಗೆಯ ನಿಯಮ ಬರುತ್ತವೆ. ಯಾವುದನ್ನು ಆಡೋಣ ಅಂತ ಅರ್ಧ ತಾಸು ವಾದ ನಡೆಯುತ್ತದೆ. ನಡೆಯಲಿ ಬಿಡಿ, ಅದೂ ಆಟದ ಭಾಗವೇ. ಒಂದು ಎಚ್ಚರಿಕೆ ಮಾತ್ರ: ಚೆಂದ ಕಾಣುತ್ತದೆ ಅಂತ ಗುಲಗಂಜಿ ಬಳಸಬೇಡಿ. ಅದನ್ನು ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಚಿಕ್ಕ ಮಕ್ಕಳಿರುವ ಜಾಗಕ್ಕೆ ಅದು ಬರಲೇಬಾರದು.

ಅದೇ ಕರಟದಲ್ಲಿ ಏಳನ್ನು ಒಂದರ ಮೇಲೊಂದು ಬೋರಲು ಇಟ್ಟರೆ ಒಳಾಂಗಣದ ಲಗೋರಿ. ಚೆಂಡಿಗೆ ಹಳೆ ಕಾಲುಚೀಲದೊಳಗೆ ಬಟ್ಟೆ ತುರುಕಿ ಕಟ್ಟಿ. ಕಿಟಕಿ ಒಡೆಯುವುದಿಲ್ಲ, ಮೂಗಿಗೂ ಪೆಟ್ಟಾಗುವುದಿಲ್ಲ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವ ಓಡಾಟ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಳೆಗಾಲದಲ್ಲಿ ಅದು ಸಿಗದೆ ಮಕ್ಕಳು ಚಡಪಡಿಸುತ್ತಾರೆ. ಹಾಗಾಗಿ ದಿನಕ್ಕೊಮ್ಮೆ ಕುಂಟೆಬಿಲ್ಲೆಯೋ ಲಗೋರಿಯೋ ಹಗ್ಗ ಜಿಗಿಯುವುದೋ ಇರಲೇಬೇಕು. ಅಂಗಳದಲ್ಲಿ ಮಾತ್ರ ಪಾಚಿ ಕಟ್ಟಿರುತ್ತದೆ, ಅಲ್ಲಿ ಓಡಿಸಬೇಡಿ.

ಚಿತ್ರ ಬಿಡಿಸಿ ಮುಗಿಯಿತು ಅಂದಿರಲ್ಲ, ಕಾವಿ ಕಲೆ ಮಾಡಿಸಿದ್ದೀರಾ? ನಮ್ಮ ಕರಾವಳಿಯ ಹಳೆಯ ದೇವಸ್ಥಾನಗಳ ಗೋಡೆಯಲ್ಲಿ ಬಿಳಿ ಮತ್ತು ಕೆಂಪು ಎರಡೇ ಬಣ್ಣದ ಬಳ್ಳಿ, ಹೂವು, ದೇವರ ಚಿತ್ರ ಇರುತ್ತವಲ್ಲ, ಅದು. ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ ಕೊಟ್ಟು, ಕೆರೆದು ಒಳಗಿನ ಬಿಳಿಯನ್ನು ಹೊರಗೆ ತರುವ ಕಲೆ. ಮಕ್ಕಳಿಗೆ ಹೀಗೆ ಮಾಡಿಸಬಹುದು: ದಪ್ಪ ಕಾಗದಕ್ಕೆ ಬಿಳಿ ಮೇಣದ ಬಣ್ಣವನ್ನು, ಇಲ್ಲವೇ ಮೇಣದಬತ್ತಿಯನ್ನೇ, ಒತ್ತಿ ಒತ್ತಿ ತಿಕ್ಕಬೇಕು. ಅದರ ಮೇಲೆ ಗಟ್ಟಿಯಾಗಿ ಕಲಸಿದ ಕೆಂಪು ಬಣ್ಣ. ಬಣ್ಣಕ್ಕೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿ, ಇಲ್ಲದಿದ್ದರೆ ಮೇಣಕ್ಕೆ ಅಂಟುವುದಿಲ್ಲ. ಮಳೆಗಾಲದಲ್ಲಿ ಒಣಗೋಕೆ ಒಂದು ದಿನ ಪೂರ್ತಿ ಬೇಕು. ಮರುದಿನ ತೆಂಗಿನ ಕಡ್ಡಿಯಲ್ಲಿ ಕೆರೆದರೆ ಬಿಳಿ ಗೆರೆ ಮೂಡುತ್ತದೆ. ಅಳಿಸೋಕೆ ಆಗುವುದಿಲ್ಲ. ಅದಕ್ಕೇ ಮಕ್ಕಳು ನಿಧಾನಕ್ಕೆ, ಉಸಿರು ಬಿಗಿಹಿಡಿದು ಕೆರೆಯುತ್ತಾರೆ. 14 ಮಕ್ಕಳಿರುವ ಕೋಣೆ ಅಷ್ಟು ಮೌನವಾಗಿದ್ದದ್ದನ್ನು ನಾನು ಬೇರೆ ಯಾವ ಹೊತ್ತಿನಲ್ಲೂ ಕಂಡಿಲ್ಲ.

ಮಳೆ ಬಿಟ್ಟ ಮೇಲೆ ಅಡಿಕೆ ಹಾಳೆ. ಶಿರಸಿ ಕಡೆಯ ನೆಂಟರಿಗೆ ಹೇಳಿದರೆ ಒಂದು ಹೊರೆ ಕಳಿಸುತ್ತಾರೆ. ಒಬ್ಬರು ಹಾಳೆಯ ಮೇಲೆ ಕೂರುವುದು, ಇಬ್ಬರು ತುದಿ ಹಿಡಿದು ಎಳೆಯುವುದು. ಇದಕ್ಕೆ ವಿವರಣೆಯೇ ಬೇಡ, ನಾವೆಲ್ಲ ಆಡಿದ್ದೇವೆ. ಚಡ್ಡಿಯ ಹಿಂಭಾಗ ಸವೆಯುತ್ತದೆ, ಹಳೆ ಬಟ್ಟೆ ಹಾಕಿ ಕಳಿಸಿ ಅಂತ ಮೊದಲೇ ಹೇಳಿಬಿಡಿ. ರಾತ್ರಿ ನೀರಲ್ಲಿ ನೆನೆಸಿಟ್ಟ ಹಾಳೆ ಮೆತ್ತಗಾಗಿರುತ್ತದೆ, ಅದರಲ್ಲಿ ಟೊಪ್ಪಿ, ದೋಣಿ ಮಡಚಬಹುದು.

ಕಡಲತೀರ ಹತ್ತಿರ ಇದೆ, ಕರೆದುಕೊಂಡು ಹೋಗಲಾ ಅಂತ ಮುಂದಿನ ಪ್ರಶ್ನೆ ಬರಬಹುದು. ಮಳೆಗಾಲದಲ್ಲಿ ಬೇಡವೇ ಬೇಡ. ಉಳಿದ ತಿಂಗಳಲ್ಲಿ ಹೋಗಿ, ಆದರೆ ಒಬ್ಬರೇ ಹೋಗಬೇಡಿ. ಪೋಷಕರಲ್ಲಿ ಇಬ್ಬರು ಮೂವರು ಜೊತೆಗೆ ಇರಲಿ. ಒಣ ಮರಳಿನ ಅಂಚಿಗೆ ಹಗ್ಗ ಹಾಸಿ, ಅದರಾಚೆ ಯಾರೂ ಕಾಲಿಡುವಂತಿಲ್ಲ. ಇಳಿತದ ಹೊತ್ತಿಗೆ ಪುಟ್ಟ ಏಡಿಗಳು ಗುಳಿಯ ಸುತ್ತ ಸಾಸಿವೆಯಷ್ಟು, ಮೆಣಸಿನಕಾಳಿನಷ್ಟು ಮರಳಿನ ಉಂಡೆ ಚೆಲ್ಲಿರುತ್ತವೆ. ಮರಳಿನಲ್ಲಿ ಇರುವ ಆಹಾರ ತಿಂದು ಉಳಿದದ್ದನ್ನು ಉಂಡೆ ಮಾಡಿ ಬಿಟ್ಟಿರುವುದು. ಮೂರು ಹೆಜ್ಜೆ ದೂರದಲ್ಲಿ ಅಲುಗಾಡದೆ ಕೂತರೆ ಒಂದೆರಡು ನಿಮಿಷಕ್ಕೆ ಏಡಿ ಹೊರಗೆ ಬರುತ್ತದೆ. ಯಾರ ಏಡಿ ಮೊದಲು ಬಂತು ಅನ್ನುವ ಆಟದಲ್ಲಿ ಗೆಲ್ಲುವುದು ಯಾವಾಗಲೂ ಸುಮ್ಮನೆ ಕೂರಬಲ್ಲ ಮಗು.

ಹೋಮ್‌ವರ್ಕ್ ಬಗ್ಗೆ ನೀವು ಕೇಳಿಲ್ಲ, ಆದರೆ ತಿಂಗಳೊಳಗೆ ಪೋಷಕರು ಕೇಳುತ್ತಾರೆ. ಮೀನು ಮಾರುಕಟ್ಟೆಯಿಂದ, ಕಚೇರಿಯಿಂದ ದಣಿದು ಬರುವ ತಾಯಂದಿರಿಗೆ ರಾತ್ರಿ ಹೋಮ್‌ವರ್ಕ್ ಮಾಡಿಸುವುದು ನಿಜಕ್ಕೂ ಕಷ್ಟ. ಆಟ ಮುಗಿದ ಮೇಲೆ 30 ನಿಮಿಷ ಅದಕ್ಕೆ ಕೊಡಿ. ದೊಡ್ಡವರು ಚಿಕ್ಕವರಿಗೆ ಹೇಳಿಕೊಡಲಿ. ಅಷ್ಟರಲ್ಲಿ ಮುಗಿಯದಿದ್ದರೆ ಉಳಿದದ್ದು ಮನೆಗೆ. ಇದು ಟ್ಯೂಷನ್ ಅಲ್ಲ ಅಂತ ಸೇರಿಸಿಕೊಳ್ಳುವಾಗಲೇ ಹೇಳಿ. ಹಾಗೆಯೇ ಯಾರು ಕರೆದುಕೊಂಡು ಹೋಗುತ್ತಾರೆ ಅನ್ನುವುದನ್ನು ಬರೆಸಿಟ್ಟುಕೊಳ್ಳಿ, ಬೇರೆ ಯಾರೇ ಬಂದರೂ ಫೋನ್ ಮಾಡದೆ ಕಳಿಸಬೇಡಿ. ಮಕ್ಕಳ ಸಹಾಯವಾಣಿ 1098 ಬಾಗಿಲ ಹಿಂದೆ ದೊಡ್ಡದಾಗಿ ಬರೆದಿರಲಿ. ಅದನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿ.

ಎಲ್ಲವನ್ನೂ ಒಟ್ಟಿಗೆ ಹಚ್ಚಿಕೊಳ್ಳಬೇಡಿ. ಸೋಮವಾರ ಬಾಟಲಿ ಕತ್ತರಿಸಿ ಹೊರಗೆ ಇಡಿ, ಕರಟ ತರುವುದಕ್ಕೆ ಮಕ್ಕಳಿಗೆ ಹೇಳಿ. ಈ ತಿಂಗಳಿಗೆ ಈ ಎರಡೇ ಸಾಕು. ಸಂಜೆ ಆರೂ ಕಾಲಿಗೆ ಎಲ್ಲರೂ ಸೇರಿ ಕೋಣೆ ಗುಡಿಸಲಿ. ಆಟ ಅರ್ಧಕ್ಕೆ ನಿಂತಿದ್ದರೆ ಆ ಕರಟಗಳನ್ನು ಮಾತ್ರ ಎತ್ತಬೇಡಿ, ಮೇಲೊಂದು ಮೊರ ಮುಚ್ಚಿಡಿ.