ಬಿಷಪ್ಪೂ ಬೇಕು, ಓಟೂ ಬೇಕು: ಸಿಎಸ್‌ಐ ಚುನಾವಣೆಗಳ ಹಿಂದಿನ ಕಥೆ

2024ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟು ದಕ್ಷಿಣ ಭಾರತದ ಹಲವು ಪ್ರಾಟೆಸ್ಟೆಂಟ್ ಪಂಗಡಗಳು ಸೇರಿ ಆದ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐನ ಆಡಳಿತ ನೋಡಿಕೊಂಡು ಚುನಾವಣೆ ನಡೆಸಲು ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ನೇಮಿಸಿತು. ಅಲ್ಲಿಂದ ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ದೇವರ ಮನೆಯಲ್ಲೂ ರಾಜಕೀಯಾನಾ ಅಂತ ಹೊರಗಿನವರು ಕೇಳುತ್ತಾರೆ. ಕ್ಯಾಥೊಲಿಕರಲ್ಲಾದರೆ ಬಿಷಪ್ಪರನ್ನು ಪೋಪ್ ನೇಮಿಸುತ್ತಾರೆ, ಜನ ಓಟು ಹಾಕುವ ಮಾತೇ ಇಲ್ಲ. ಸಿಎಸ್‌ಐನಲ್ಲಿ ಈ ಓಟು ಹುಟ್ಟಿನಿಂದಲೇ ಬಂದದ್ದು.

ಮೊದಲು ನಮ್ಮ ಕಡೆಯ ಸಭೆಗಳನ್ನೇ, ಅಂದರೆ ಊರೂರಿನ ಚರ್ಚುಗಳನ್ನೇ ನೋಡಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಿಗೆ ಬಿಷಪ್ಪರೇ ಇರಲಿಲ್ಲ. ಮೈಸೂರು ಸೀಮೆಯ ವೆಸ್ಲಿಯನ್ನರಿಗೂ, ಅಂದರೆ ಮೆಥಡಿಸ್ಟ್ ಪಂಗಡದವರಿಗೂ ಇರಲಿಲ್ಲ. ಲಂಡನ್ ಮಿಷನ್ನಿನವರಂತೂ ಪ್ರತಿಯೊಂದು ಸಭೆಯೂ ತನ್ನ ವಿಷಯವನ್ನು ತಾನೇ ತೀರ್ಮಾನಿಸಬೇಕು ಎನ್ನುವ ಪಂಗಡದವರು. ಇನ್ನೊಂದು ಕಡೆ ಆಂಗ್ಲಿಕನ್ನರು, ಅಂದರೆ ಇಂಗ್ಲೆಂಡಿನ ಚರ್ಚಿನ ಸಂಪ್ರದಾಯದವರು. ಬಿಷಪ್ ಇಲ್ಲದ ಸಭೆಯನ್ನು ಅವರಿಗೆ ಊಹಿಸಿಕೊಳ್ಳಲೂ ಆಗುತ್ತಿರಲಿಲ್ಲ.

ಇವರೆಲ್ಲ ಒಂದೇ ಸೂರಿನಡಿ ಬರಬೇಕು ಎಂಬ ಮಾತು ಗಟ್ಟಿಯಾದದ್ದು 1919ರ ಮೇ ತಿಂಗಳಲ್ಲಿ, ತಮಿಳುನಾಡಿನ ತರಂಗಂಬಾಡಿಯ ಸಮಾವೇಶದಲ್ಲಿ. ಮುಂದೆ ನಿಂತವರಲ್ಲಿ ದೋರ್ನಕಲ್‌ನ ವಿ.ಎಸ್. ಅಜರಾಯ ಒಬ್ಬರು. 1912ರಲ್ಲಿ ಭಾರತದ ಮೊದಲ ಭಾರತೀಯ ಆಂಗ್ಲಿಕನ್ ಬಿಷಪ್ ಆದವರು ಅವರೇ. ಆಮೇಲೆ ಮಾತುಕತೆ ಎಳೆದದ್ದು 28 ವರ್ಷ! ಜಗಳವೆಲ್ಲ ಇದ್ದದ್ದು ಬಿಷಪ್ಪರ ಸುತ್ತಲೇ. ಬಿಷಪ್ಪರ ಕೈಯಿಂದ ದೀಕ್ಷೆ ಪಡೆಯದ ಪಾದ್ರಿಗಳನ್ನು ಒಪ್ಪಬೇಕೋ ಬೇಡವೋ? ಬಿಷಪ್ಪರಿಗೆ ಕಡಿವಾಣ ಯಾರದ್ದು? ಕೊನೆಗೆ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಸಿಎಸ್‌ಐ ಹುಟ್ಟಿತು. ಅಜರಾಯ ಅದನ್ನು ನೋಡಲಿಲ್ಲ, 1945ರಲ್ಲೇ ತೀರಿಕೊಂಡಿದ್ದರು.

ಒಪ್ಪಂದ ಸರಳವಾಗಿತ್ತು. ಆಂಗ್ಲಿಕನ್ನರಿಗೆ ಬಿಷಪ್ ಸಿಕ್ಕರು, ಉಳಿದವರಿಗೆ ಆ ಬಿಷಪ್ಪರನ್ನು ಆರಿಸುವ ಹಕ್ಕು ಸಿಕ್ಕಿತು. ಆದರೆ ಆ ಹಕ್ಕು ಪೂರ್ತಿ ಒಬ್ಬರ ಕೈಗೆ ಹೋಗಲಿಲ್ಲ. ಸಭಾಪ್ರಾಂತದ, ಅಂದರೆ ಒಬ್ಬ ಬಿಷಪ್ಪರ ಕೈಕೆಳಗೆ ಬರುವ ಪ್ರದೇಶದ ಮಾತೂ ನಡೆಯಬೇಕು, ಇಡೀ ಸಿಎಸ್‌ಐನ ಮಾತೂ ನಡೆಯಬೇಕು ಎಂದು ಬರೆದುಕೊಂಡರು. ಹಾಗಾಗಿ ಈಗಲೂ ಸಭಾಪ್ರಾಂತದ ಕೌನ್ಸಿಲ್ ಓಟು ಹಾಕಿ ಕೆಲವು ಹೆಸರುಗಳ ಪಟ್ಟಿ ಮಾಡುತ್ತದೆ. ಅದರಿಂದ ಒಬ್ಬರನ್ನು ಆರಿಸುವುದು ಸಿನಡ್, ಅಂದರೆ ಇಡೀ ಸಿಎಸ್‌ಐನ ಆಡಳಿತ ಮಂಡಳಿ. ಜಾಸ್ತಿ ಓಟು ಬಿದ್ದವರೇ ಬಿಷಪ್ ಆಗುತ್ತಾರೆಂಬ ಖಾತ್ರಿ ಇಲ್ಲ. ಅಸಮಾಧಾನ ಹೊತ್ತಿಕೊಳ್ಳುವುದು ಬಹುಪಾಲು ಇಲ್ಲೇ. ನನ್ನ ಕೇಳಿದರೆ, ಎರಡು ಕಡೆಯವರಿಗೂ ನ್ಯಾಯ ಆಗಲಿ ಅಂತ ಇಟ್ಟ ಬಾಗಿಲೇ ಲಾಬಿಗೂ ದಾರಿ ಮಾಡಿಕೊಟ್ಟಿತು.

ಆ ಕೌನ್ಸಿಲ್‌ನಲ್ಲಿ ಕೂರುವವರು ಯಾರು? ಸೇವೆಯಲ್ಲಿರುವ ಪಾದ್ರಿಗಳು ಮತ್ತು ಸಭೆಗಳಿಂದ ಆರಿಸಿಬಂದ ಸದಸ್ಯರು. ಅಂದಮೇಲೆ ನಿಜವಾದ ಚುನಾವಣೆ ನಡೆಯುವುದು ಊರಿನ ಸಭೆಯಲ್ಲೇ. ಅಲ್ಲಿ ಓಟು ಬೇಕಾದರೆ ಸಾಮಾನ್ಯವಾಗಿ ದೃಢೀಕರಣ, ಅಂದರೆ ನಂಬಿಕೆಯನ್ನು ಎಲ್ಲರೆದುರು ಒಪ್ಪಿಕೊಳ್ಳುವ ವಿಧಿ, ಆಗಿರಬೇಕು, ಹೆಸರು ಸಭೆಯ ಪಟ್ಟಿಯಲ್ಲಿರಬೇಕು, ಚಂದಾ ಬಾಕಿ ಇರಬಾರದು. ಚುನಾವಣೆ ಹತ್ತಿರ ಬಂದಾಗ ಆರಾಧನೆ ಮುಗಿದ ಮೇಲೆ ನೋಟಿಸ್ ಬೋರ್ಡಿನ ಮುಂದೆ ಗುಂಪು ಸೇರುವುದು, ವರ್ಷಗಟ್ಟಲೆ ಕೊಡದ ಚಂದಾ ಒಂದೇ ಕಂತಿನಲ್ಲಿ ಜಮೆಯಾಗುವುದು, ಅದೂ ಒಮ್ಮೊಮ್ಮೆ ಬೇರೆಯವರ ಜೇಬಿನಿಂದ, ಇದೆಲ್ಲ ಸಭೆಯವರಿಗೆ ಗೊತ್ತಿಲ್ಲದ್ದೇನಲ್ಲ. ಶಾಲೆ, ಆಸ್ಪತ್ರೆ, ಪೇಟೆ ಮಧ್ಯದ ಜಾಗ ಎಲ್ಲವೂ ಇದೇ ಆಡಳಿತದ ಕೈಯಲ್ಲಿವೆ. ಪೈಪೋಟಿ ಬರೀ ಭಕ್ತಿಗಾಗಿ ಅಂದರೆ ಯಾರು ನಂಬುತ್ತಾರೆ, ಅಲ್ವಾ?

ಆದರೂ ಇದೇ ವ್ಯವಸ್ಥೆ ಬೇರೆ ಬಾಗಿಲುಗಳನ್ನೂ ತೆರೆದಿದೆ. ಹೆಂಗಸರಿಗೆ 1976ರಲ್ಲಿ ಪಾದ್ರಿಗಳಾಗುವ ದೀಕ್ಷೆ ಸಿಕ್ಕಿತು, 2013ರಲ್ಲಿ ಇ. ಪುಷ್ಪಲಲಿತಾ ನಂದ್ಯಾಲದ ಬಿಷಪ್ ಆದರು. ಕರ್ನಾಟಕದಲ್ಲಿ 1970ರಲ್ಲಿ ಮೈಸೂರು ಸಭಾಪ್ರಾಂತವನ್ನು ಮೂರಾಗಿ ಒಡೆದರು. ಬೆಂಗಳೂರು, ಧಾರವಾಡ, ಮಂಗಳೂರು ಒಂದೊಂದಕ್ಕೂ ತನ್ನದೇ ಕೌನ್ಸಿಲ್ ಬಂತು.

ಈಚಿನ ಕೋರ್ಟು ಜಗಳದ ಒಂದು ಮುಖ್ಯ ಎಳೆ ಬಿಷಪ್ಪರ ನಿವೃತ್ತಿ ವಯಸ್ಸು. 2022ರಲ್ಲಿ ಸಿನಡ್ ಅದನ್ನು 67ರಿಂದ 70ಕ್ಕೆ ಏರಿಸುವ ತಿದ್ದುಪಡಿ ತಂದಿತು. ಇಂಥ ತಿದ್ದುಪಡಿಗೆ ಮೂರನೇ ಎರಡರಷ್ಟು ಸಭಾಪ್ರಾಂತ ಕೌನ್ಸಿಲ್‌ಗಳ ಒಪ್ಪಿಗೆ ಬೇಕು. ಆ ಒಪ್ಪಿಗೆ ಸರಿಯಾಗಿ ಸಿಕ್ಕಿದೆಯೇ ಎಂಬುದೇ ತಕರಾರು. ಅಂದರೆ 1947ರಲ್ಲಿ ಕೇಳಿದ ಪ್ರಶ್ನೆಯೇ ಮತ್ತೆ ಎದ್ದಿದೆ: ಕೊನೆಯ ಮಾತು ಮೇಲಿನವರದ್ದೋ, ಸಭೆಗಳದ್ದೋ?